ಓದು ಅವಳ ಬೆರಳಿಗೆ ಬರಲಿ: ಹುಟ್ಟಿನಿಂದ ದೃಷ್ಟಿಯಿಲ್ಲದ ಮಗುವಿನ ಶಾಲೆಯ ಬಗ್ಗೆ

ಪ್ರಶ್ನೆ: ನಾವು ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಒಂದು ಹಳ್ಳಿಯವರು. ನನ್ನ ಮಗಳಿಗೆ ಐದು ವರ್ಷ. ಏಳು ತಿಂಗಳಿಗೇ ಹುಟ್ಟಿದಳು, ತೂಕ ಒಂದು ಕೆ.ಜಿ. ಚಿಲ್ಲರೆ ಇತ್ತು. ಕಣ್ಣಿನ ಒಳಪರದೆ ಕಳಚಿದೆ, ಬೆಳಕಿನ ಹೊರತು ಏನೂ ಕಾಣಿಸುವುದಿಲ್ಲ, ಇನ್ನು ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಡೆಯಲು ಕಲಿತದ್ದು ಎರಡೂವರೆ ವರ್ಷಕ್ಕೆ. ಮಾತು ಚೆನ್ನಾಗಿ ಬರುತ್ತದೆ, ಆದರೆ ನಾವು ಹೇಳಿದ್ದನ್ನೇ ತಿರುಗಿ ಹೇಳುತ್ತಾಳೆ. ತನಗೆ ನೀರು ಬೇಕಾದಾಗ ‘ನಿನಗೆ ನೀರು ಬೇಕಾ’ ಎನ್ನುತ್ತಾಳೆ. ಬುದ್ಧಿಯೂ ಮಂದ ಇರಬಹುದು ಎಂದು ಕೆಲವರು ಹೇಳುತ್ತಾರೆ. ದೂರದ ಹಾಸ್ಟೆಲ್ ಶಾಲೆಗೆ ಸೇರಿಸಿ ಎನ್ನುವವರಿದ್ದಾರೆ. ಅತ್ತೆಯವರಿಗೆ ಅದು ಸುತರಾಂ ಇಷ್ಟವಿಲ್ಲ. ಮೊಬೈಲೇ ಎಲ್ಲವನ್ನೂ ಓದಿ ಹೇಳುವಾಗ ಉಬ್ಬು ಚುಕ್ಕಿಗಳನ್ನು ಮುಟ್ಟಿ ಓದುವ ಬ್ರೈಲ್ ಲಿಪಿ ಕಲಿಯುವ ಕಷ್ಟ ಯಾಕೆ ಎಂದು ಯಜಮಾನರು ಕೇಳುತ್ತಾರೆ. ನಾನೀಗ ಮತ್ತೆ ಬಸುರಿ. ಈ ಮಗುವಿಗೂ ಹೀಗೇ ಆಗುತ್ತದೆಯೇ ಎಂಬ ಹೆದರಿಕೆ ಬೇರೆ. ದಾರಿ ತೋರಿಸಿ.

ಉತ್ತರ: ಅಮ್ಮ, ಬುದ್ಧಿ ಮಂದ ಎಂಬ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆ ಅನುಮಾನ ಮನೆಯಲ್ಲಿ ಇರುವಷ್ಟು ದಿನ ಆ ಮಗುವಿಗೆ ಯಾರೂ ಮನಸ್ಸಿಟ್ಟು ಏನನ್ನೂ ಕಲಿಸುವುದಿಲ್ಲ. ತಡವಾಗಿ ನಡೆದದ್ದು, ಕೇಳಿದ್ದನ್ನೇ ತಿರುಗಿ ಹೇಳುವುದು, ‘ನಾನು’ ‘ನೀನು’ ಅದಲುಬದಲಾಗುವುದು, ಈ ಮೂರೂ ಹುಟ್ಟಿನಿಂದ ದೃಷ್ಟಿಯಿಲ್ಲದ ಮಕ್ಕಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವಂಥವು. ಕಣ್ಣು ಕಾಣುವ ಕೂಸು ನಾಲ್ಕೈದು ತಿಂಗಳಿಗೇ ಎದುರಿಗಿರುವ ಗಿಲಕಿಯನ್ನು ನೋಡಿ ಕೈ ಚಾಚುತ್ತದೆ. ಬರೀ ಸದ್ದನ್ನು ಕೇಳಿ, ಆ ಸದ್ದಿನ ಜಾಗದಲ್ಲಿ ಹಿಡಿಯಬಹುದಾದ ವಸ್ತುವೊಂದಿದೆ ಎಂದು ತಿಳಿದು ಕೈ ಚಾಚುವ ಶಕ್ತಿ ಬರುವುದು ಮೊದಲ ವರ್ಷ ಮುಗಿಯುವ ಹೊತ್ತಿಗೆ. ಅಲ್ಲಿಯವರೆಗೆ ಕೂಸಿಗೆ ಮುಂದಕ್ಕೆ ಹೋಗಬೇಕೆನ್ನಿಸುವ ಕಾರಣವೇ ಇರುವುದಿಲ್ಲ. ಆದ್ದರಿಂದ ಅಂಬೆಗಾಲು, ನಡಿಗೆ ಎಲ್ಲವೂ ಹಿಂದೆ ಬೀಳುತ್ತವೆ. ಮಾತಿನ ಸಂಗತಿಯೂ ಹೀಗೆಯೇ. ಯಾರು ಯಾರನ್ನು ನೋಡಿ ಮಾತಾಡುತ್ತಿದ್ದಾರೆ ಎಂಬುದು ಅವಳಿಗೆ ಕಾಣುವುದಿಲ್ಲ. ನೀರು ಸಿಗುವ ಮುನ್ನ ಪ್ರತಿ ಸಲವೂ ಕಿವಿಗೆ ಬಿದ್ದ ಮಾತು ‘ನಿನಗೆ ನೀರು ಬೇಕಾ’ ಎಂಬುದಾದ್ದರಿಂದ ಅದನ್ನೇ ಇಡಿಯಾಗಿ ಹಿಡಿದುಕೊಂಡಿದ್ದಾಳೆ. ಬೈದು ತಿದ್ದುವ ಅಗತ್ಯವಿಲ್ಲ. ಅವಳ ಅಂಗೈಯನ್ನು ಅವಳ ಎದೆಯ ಮೇಲಿಟ್ಟು, ‘ನನಗೆ ನೀರು ಬೇಕು’ ಎಂದು ಅವಳ ಪರವಾಗಿ ನೀವು ಹೇಳಿ, ಅವಳಿಂದಲೂ ಹೇಳಿಸಿ, ಆಮೇಲೆ ಲೋಟ ಕೊಡಿ. ದಿನವೂ ಹೀಗೆ ಮಾಡುತ್ತಾ ಬಂದರೆ ಸರಿಹೋಗುತ್ತದೆ.

ಒಂದು ಪರೀಕ್ಷೆಯನ್ನು ಮಾತ್ರ ತಪ್ಪದೆ ಮಾಡಿಸಿ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಕಿವಿಯ ತೊಂದರೆಯ ಸಾಧ್ಯತೆಯೂ ಸ್ವಲ್ಪ ಹೆಚ್ಚು. ಕಿವಿಯನ್ನೇ ನೆಚ್ಚಿ ಬದುಕಬೇಕಾದ ಮಗುವಿಗೆ ಒಂದು ಕಿವಿ ತುಸು ಮಂದವಾದರೂ ನಷ್ಟ ದೊಡ್ಡದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ಪೂರ್ತಿಯಾಗಿ ಪರೀಕ್ಷಿಸುತ್ತಾರೆ. ಮಾತಿನ ಬೆಳವಣಿಗೆಯ ಬಗ್ಗೆ ನಿಮಗಿರುವ ಸಂಶಯವನ್ನೂ ಅಲ್ಲಿಯೇ ಕೇಳಬಹುದು. ಕಣ್ಣಿಗೆ ಚಿಕಿತ್ಸೆಯಿಲ್ಲವೆಂದ ಮಾತ್ರಕ್ಕೆ ಕಣ್ಣಿನ ಡಾಕ್ಟರನ್ನು ಬಿಡುವಂತಿಲ್ಲ. ಪರದೆ ಕಳಚಿದ ಕಣ್ಣಿನಲ್ಲಿ ಮುಂದೆ ಒತ್ತಡ ಏರಿ ನೋವು ಬರಬಹುದು, ವರ್ಷಕ್ಕೊಮ್ಮೆಯಾದರೂ ತೋರಿಸುತ್ತಿರಿ. ಅವಳು ಬೆರಳಿನಿಂದ ಕಣ್ಣನ್ನು ಅದುಮಿಕೊಳ್ಳುತ್ತಿದ್ದರೆ ಹೊಡೆಯಬೇಡಿ, ಗದರಬೇಡಿ, ಆ ಕೈಗೆ ಕೆಲಸ ಕೊಡಿ. ಇನ್ನು, ಬೆಳಕು ಗೊತ್ತಾಗುತ್ತದೆ ಎಂಬುದನ್ನು ಅಲ್ಪವೆಂದು ತಿಳಿಯಬೇಡಿ. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಅಂಗಳಕ್ಕೆ ಬಂದೆನೋ ಒಳಗಿದ್ದೇನೋ, ಬೆಳಗಾಯಿತೋ ಇಲ್ಲವೋ, ಇಷ್ಟನ್ನೂ ಅವಳು ಆ ಬೆಳಕಿನಿಂದಲೇ ತಿಳಿಯಬಲ್ಲಳು.

ಈಗ ನಿಮ್ಮ ಯಜಮಾನರ ಪ್ರಶ್ನೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ, ಓದಿಕೊಂಡ ಅನೇಕರೂ ಇದನ್ನೇ ಕೇಳುತ್ತಾರೆ. ಮೊಬೈಲು ಓದಿ ಹೇಳುವುದು ದೊಡ್ಡ ಉಪಕಾರ, ಮುಂದೆ ಅದು ಅವಳಿಗೆ ಬೇಕೇ ಬೇಕು. ಆದರೆ ಕೇಳಿಸಿಕೊಂಡು ಮಾತ್ರ ಕಲಿತ ಮಗುವಿಗೆ ಪದದ ಒಳಗಿನ ಅಕ್ಷರಗಳು ಸಿಗುವುದಿಲ್ಲ. ‘ಲ’ ಎಲ್ಲಿ, ‘ಳ’ ಎಲ್ಲಿ, ಅಲ್ಪಪ್ರಾಣವೋ ಮಹಾಪ್ರಾಣವೋ, ಒತ್ತು ಯಾವ ಅಕ್ಷರಕ್ಕೆ, ಒಂದು ಪದ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೆಲ್ಲ ಬೆರಳಿಗೋ ಕಣ್ಣಿಗೋ ಸಿಗಬೇಕಾದ ಜ್ಞಾನ. ಒಂದು ಸಾಲನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಇನ್ನೊಮ್ಮೆ ಮೆಲ್ಲಗೆ ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸವೂ ಹಾಗೆಯೇ. ಲೆಕ್ಕದಲ್ಲಂತೂ ಬರೀ ಕೇಳಿಕೊಂಡು ಭಿನ್ನರಾಶಿಯನ್ನೋ ಬೀಜಗಣಿತವನ್ನೋ ಮಾಡಿ ನೋಡಲಿ, ಕಣ್ಣಿದ್ದವರಿಗೇ ಸಾಧ್ಯವಾಗದು. ಬ್ರೈಲ್ ಕಲಿತ ಮಗು ಮುಂದೆ ಮೊಬೈಲನ್ನು ಚೆನ್ನಾಗಿ ಬಳಸುತ್ತದೆ. ಮೊಬೈಲಿನಿಂದಲೇ ಆರಂಭಿಸಿದ ಮಗು ಹತ್ತನೇ ತರಗತಿಗೆ ಬಂದು, ತಾನು ನೂರು ಸಲ ಕೇಳಿದ ಪದವನ್ನು ಬರೆಯಲಾರದೆ ಕೂರುತ್ತದೆ. ಅದನ್ನು ನೋಡುವುದು ನನಗೆ ಸಂಕಟದ ವಿಷಯ, ಯಾಕೆಂದರೆ ಅಂಥ ಮಕ್ಕಳಲ್ಲಿ ಬಹಳಷ್ಟು ಜಾಣ ಮಕ್ಕಳೇ.

ಬ್ರೈಲ್ ಎಂದರೆ ನೀವು ಎಣಿಸಿದಷ್ಟು ಕಷ್ಟವೂ ಅಲ್ಲ. ಎರಡು ಸಾಲಿನಲ್ಲಿ ಮೂರು ಮೂರರಂತೆ ಆರು ಚುಕ್ಕಿ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಲೂಯಿ ಬ್ರೈಲ್ ಎಂಬ ಫ್ರೆಂಚ್ ಹುಡುಗ 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ ರೂಪಿಸಿದ್ದು ಇದು. ಭಾರತದ ಭಾಷೆಗಳಿಗೆಲ್ಲ ಸಮಾನವಾಗಿ ಹೊಂದುವಂತೆ 1951ರಲ್ಲಿ ಭಾರತಿ ಬ್ರೈಲ್ ಬಂತು, ಕನ್ನಡ ನಡೆಯುವುದು ಅದರಲ್ಲಿ. ಅದರಂತೆ ‘ಅ’ಕಾರಕ್ಕೆ 1ನೇ ಚುಕ್ಕಿ ಒಂದೇ. ‘ಕ’ ಬರೆಯಲು 1 ಮತ್ತು 3, ‘ಮ’ ಬರೆಯಲು 1, 3 ಮತ್ತು 4, ‘ಲ’ ಬರೆಯಲು 1, 2 ಮತ್ತು 3. ಈ ಮೂರನ್ನು ಸಾಲಾಗಿ ಒತ್ತಿದರೆ ‘ಕಮಲ’ ಆಯಿತು. ಕಾಗುಣಿತಕ್ಕೆ ಬೇರೆ ಚಿಹ್ನೆಗಳ ರಾಶಿಯಿಲ್ಲ. ವ್ಯಂಜನದ ಪಕ್ಕಕ್ಕೆ ಸ್ವರವನ್ನೇ ಬರೆದರೆ ಸಾಕು. ಒತ್ತಕ್ಷರ ಬಂದಾಗ 4ನೇ ಚುಕ್ಕಿಯನ್ನು ಮುಂಚೆ ಹಾಕಿ ಎರಡು ವ್ಯಂಜನಗಳನ್ನು ಒಂದರ ಪಕ್ಕ ಒಂದು ಇಡುತ್ತಾರೆ. ಸ್ಲೇಟು ಎಂಬ ತೂತುಪಟ್ಟಿ ಮತ್ತು ಚುಚ್ಚುವ ಮೊನೆಯ ಸ್ಟೈಲಸ್‌ನಲ್ಲಿ ಬರೆಯುವಾಗ ದಪ್ಪ ಕಾಗದವನ್ನು ಹಿಂಬದಿಯಿಂದ ಚುಚ್ಚಬೇಕಾದ್ದರಿಂದ ಬಲದಿಂದ ಎಡಕ್ಕೆ ಬರೆದು, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುತ್ತಾರೆ. ಮಕ್ಕಳು ಇದಕ್ಕೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಒಗ್ಗುತ್ತಾರೆ. ನೀವೂ ಕಲಿಯಿರಿ. ಕಣ್ಣಿನಿಂದ ನೋಡಿ ಓದುವಷ್ಟು ಬ್ರೈಲನ್ನು ಕನ್ನಡ ಬಲ್ಲ ತಾಯಿ ಕೆಲವೇ ವಾರಗಳಲ್ಲಿ ಕಲಿಯಬಹುದು. ಮುಂದೆ ಅವಳ ಮನೆಪಾಠವನ್ನು ನೋಡುವವರು ಊರಿನಲ್ಲಿ ನೀವೊಬ್ಬರೇ ಇರಬಹುದು.

ಆದರೆ ಅಕ್ಷರಕ್ಕೆ ಮೊದಲು ಬೆರಳು ಸಿದ್ಧವಾಗಬೇಕು. ಶಾಲೆಗೆ ಸೇರುವ ಮೊದಲು ನಿಮ್ಮ ಕೈಯಲ್ಲಿರುವ ಈ ಒಂದು ವರ್ಷದ ಮುಖ್ಯ ಕೆಲಸ ಅದು, ಅದಕ್ಕೆ ಬೇಕಾದ ಸಾಮಾನು ನಿಮ್ಮ ಅಡುಗೆಮನೆಯಲ್ಲೇ ಇದೆ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಲಿಸಿ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿತುಕಿ ಬೇಳೆ ಹಾರಿಸುವುದಕ್ಕಿಂತ ಒಳ್ಳೆಯ ಬೆರಳಿನ ವ್ಯಾಯಾಮ ನನಗೆ ಗೊತ್ತಿಲ್ಲ. ಕಾಳುಮೆಣಸು, ಹುಣಸೆಬೀಜ, ಕಾಫಿಬೀಜ ಕಲಸಿ ಕೊಟ್ಟು ಬೇರೆ ಬೇರೆ ಬಟ್ಟಲಿಗೆ ಆರಿಸಲು ಹೇಳಿ. ಅಂಗಡಿಯ ಮೊಟ್ಟೆ ಟ್ರೇಯನ್ನು ಆರು ಗುಳಿ ಉಳಿಯುವಂತೆ ಕತ್ತರಿಸಿ, ಗುಳಿಗಳಿಗೆ ಒಂದರಿಂದ ಆರರವರೆಗೆ ಲೆಕ್ಕ ಹೇಳಿಕೊಟ್ಟು, ‘ಒಂದು, ಮೂರು’ ಎಂದಾಗ ಆ ಗುಳಿಗಳಲ್ಲಿ ನಿಂಬೆಹಣ್ಣು ಇಡುವ ಆಟ ಆಡಿಸಿ. ಅವಳು ಆಟವೆಂದೇ ತಿಳಿದು ‘ಕ’ ಕಲಿತಿರುತ್ತಾಳೆ. ಏನನ್ನಾದರೂ ಮಾಡಿ ತೋರಿಸುವಾಗ ಅವಳ ಕೈಯನ್ನು ಹಿಡಿದು ಎಳೆಯಬೇಡಿ. ನಿಮ್ಮ ಕೈ ಕೆಳಗಿರಲಿ, ಅವಳ ಕೈ ನಿಮ್ಮ ಕೈಯ ಮೇಲಿರಲಿ. ನೀವು ಮಾಡುವುದನ್ನು ಅವಳು ಮುಟ್ಟಿ ನೋಡುತ್ತಾ ಕಲಿಯುತ್ತಾಳೆ, ಬೇಡವೆನಿಸಿದರೆ ಕೈ ತೆಗೆಯುವ ಸ್ವಾತಂತ್ರ್ಯವೂ ಅವಳಿಗಿರುತ್ತದೆ. ಎಳೆದಾಡಿಸಿಕೊಂಡ ಕೈ ಮುಟ್ಟಲು ಹೆದರುತ್ತದೆ, ಮುಟ್ಟಲು ಹೆದರುವ ಕೈಗೆ ಬ್ರೈಲ್ ಬರುವುದಿಲ್ಲ.

ಮಾತು ಚೆನ್ನಾಗಿ ಬರುತ್ತದೆ ಎಂದಿರಿ. ಇಲ್ಲೊಂದು ಎಚ್ಚರ ಬೇಕು. ದೃಷ್ಟಿಯಿಲ್ಲದ ಮಕ್ಕಳು ಕೇಳಿದ ಪದಗಳನ್ನು ಸರಾಗವಾಗಿ ಬಳಸುತ್ತಾರೆ, ಆದರೆ ಆ ಪದದ ಹಿಂದೆ ವಸ್ತುವಿನ ಅನುಭವ ಇಲ್ಲದೇ ಇರಬಹುದು. ‘ಕಾಫಿ’ ಎಂದರೆ ಲೋಟದಲ್ಲಿರುವ ಬಿಸಿ ಎಂದಷ್ಟೇ ಅವಳಿಗೆ ಗೊತ್ತಿದ್ದರೆ ಆಶ್ಚರ್ಯವಿಲ್ಲ. ನಿಮ್ಮ ಕಡೆ ಗಿಡ ಬಾಗಿಲಲ್ಲೇ ಇರುತ್ತದೆ. ಮಾರ್ಚಿನಲ್ಲಿ ಮಳೆ ಬಿದ್ದು ಹೂ ಬಿಟ್ಟಾಗ ಆ ವಾಸನೆಯ ಜಾಡಿನಲ್ಲಿ ಗಿಡದ ಹತ್ತಿರ ಕರೆದೊಯ್ದು ರೆಂಬೆಯನ್ನು ಉದ್ದಕ್ಕೂ ಮುಟ್ಟಿಸಿ. ಹಣ್ಣಾದಾಗ ಗೊಂಚಲಿನಿಂದ ಅವಳೇ ಕೀಳಲಿ, ಒಂದು ಹಣ್ಣನ್ನು ಹಿತುಕಿ ಜಾರುವ ಎರಡು ಬೀಜಗಳನ್ನು ಹೊರತೆಗೆಯಲಿ, ಅವುಗಳ ಚಪ್ಪಟೆ ಮಗ್ಗುಲು ಒಂದಕ್ಕೊಂದು ಹೇಗೆ ಕೂತಿತ್ತೆಂದು ಬೆರಳಿನಿಂದ ನೋಡಲಿ. ಕಣದಲ್ಲಿ ಒಣಗಿದ ಕಾಫಿಹಣ್ಣಿನ, ಅಂದರೆ ಚೆರ್ರಿಯ ಮೇಲೆ ಬರಿಗಾಲಲ್ಲಿ ನಡೆಯಲಿ. ಹುರಿಯುವಾಗ ಒಲೆಯಿಂದ ದೂರ ಕೂರಿಸಿ ವಾಸನೆ ಬದಲಾಗುವುದನ್ನು ಹೇಳಿಸಿ, ಪುಡಿ ಮಾಡುವಾಗ ಸದ್ದು ಕೇಳಿಸಿ, ಕೊನೆಗೆ ಡಿಕಾಕ್ಷನ್ನಿನ ಒಂದು ಹನಿ ನಾಲಿಗೆಗೆ. ಹೂವಿನಿಂದ ಲೋಟದವರೆಗೆ ಒಂದು ವಸ್ತು ಹೇಗೆ ಸಾಗುತ್ತದೆಂದು ಕೈಯಿಂದ ಬಲ್ಲ ಮಗುವಿಗೆ ಮುಂದೆ ಪಾಠಪುಸ್ತಕದ ವಿಜ್ಞಾನ ಬರೀ ಬಾಯಿಪಾಠವಾಗುವುದಿಲ್ಲ. ಹಸುವನ್ನೂ ಹೀಗೆಯೇ ಮೂಗಿನಿಂದ ಬಾಲದವರೆಗೆ ಮುಟ್ಟಿಸಿ. ಪ್ಲಾಸ್ಟಿಕ್ ಬೊಂಬೆಯ ಹಸುವಿನಿಂದ ಅವಳಿಗೆ ಹಸು ಏನೂ ತಿಳಿಯುವುದಿಲ್ಲ.

ನಡೆದಾಟದ ವಿಷಯದಲ್ಲಿ ನಿಮ್ಮ ಸೀಮೆಗೆ ಒಂದು ವಿಶೇಷ ತೊಡಕಿದೆ. ಸದ್ದಿನ ಗುರುತಿನ ಮೇಲೆ ಓಡಾಡುವ ಮಗುವಿಗೆ ಮಳೆಗಾಲದಲ್ಲಿ ಹೆಂಚಿನ ಮೇಲೋ ತಗಡಿನ ಮೇಲೋ ಬೀಳುವ ಮಳೆ ಎಲ್ಲ ಗುರುತುಗಳನ್ನೂ ಮುಚ್ಚಿಬಿಡುತ್ತದೆ. ಜೂನ್ ಬಂತೆಂದರೆ ಅವಳು ಮೂಲೆ ಹಿಡಿದು ಕೂರುತ್ತಿದ್ದರೆ ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಆಗ ಅವಳಿಗೆ ಕೈ ಮತ್ತು ಕಾಲಿನ ಗುರುತು ಬೇಕು. ಅಡುಗೆಮನೆಯ ಹೊಸ್ತಿಲಿಗೆ ಒಂದು ಗೋಣಿತಾಟು, ಬಚ್ಚಲಿನ ದಾರಿಗೆ ಕಟ್ಟಿದ ಹಗ್ಗ, ಗೋಡೆಗೆ ಬೆರಳ ಹಿಂಭಾಗ ತಾಗಿಸಿಕೊಂಡು ಸಾಗುವ ರೂಢಿ, ಇವಿಷ್ಟಿದ್ದರೆ ಮಳೆಯಲ್ಲೂ ಓಡಾಡುತ್ತಾಳೆ. ಬಾಗಿಲನ್ನು ಪೂರ್ತಿ ತೆರೆದಿಡಿ ಇಲ್ಲವೇ ಪೂರ್ತಿ ಮುಚ್ಚಿಡಿ, ಅರ್ಧ ತೆರೆದ ಬಾಗಿಲಿಗೆ ಹಣೆ ಬಡಿಯುತ್ತದೆ. ಕೊಡ, ಬುಟ್ಟಿ, ಚಪ್ಪಲಿ ಇಡುವ ಜಾಗ ದಿನವೂ ಒಂದೇ ಆಗಿರಲಿ. ಹೊರಗೆ ಹೋಗುವಾಗ ನೀವು ಅವಳನ್ನು ಹಿಡಿಯುವ ಬದಲು ಅವಳು ನಿಮ್ಮ ಮಣಿಕಟ್ಟನ್ನು ಹಿಡಿಯಲಿ, ಅರ್ಧ ಹೆಜ್ಜೆ ಹಿಂದೆ ಬರಲಿ. ಬಿಳಿ ಕೋಲು ದೊಡ್ಡವರಾದ ಮೇಲೆ ಎಂದು ಕಾಯುವುದು ಬೇಡ. ಅವಳ ಎತ್ತರಕ್ಕೆ ತಕ್ಕ ಕೋಲನ್ನು ಈಗಲೇ ಕೈಗೆ ಕೊಡಬಹುದು. ಕೋಲು ಹಿಡಿದರೆ ಜನ ಏನಂದುಕೊಂಡಾರು ಎಂಬ ಸಂಕೋಚವನ್ನು ಹಿರಿಯರು ಬಿಟ್ಟರೆ ಮಗುವಿಗೆ ಅದು ಹುಟ್ಟುವುದೇ ಇಲ್ಲ.

ಇನ್ನು ಶಾಲೆ. ಕಾನೂನು ನಿಮ್ಮ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಕಲಮಿನಂತೆ ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ತನ್ನ ಆಯ್ಕೆಯಂತೆ ಉಚಿತವಾಗಿ ಓದುವ ಹಕ್ಕಿದೆ. ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳು 18 ವರ್ಷದವರೆಗೆ ಉಚಿತ. ಕಾಣಿಸದು ಎಂಬ ಕಾರಣಕ್ಕೆ ನಿಮ್ಮೂರಿನ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ಹಕ್ಕಿದೆ ಎಂಬುದು ಬೇರೆ, ದಿನವೂ ಕಲಿಸುವವರಿದ್ದಾರೆ ಎಂಬುದು ಬೇರೆ. ನನ್ನ ದೃಷ್ಟಿಯಲ್ಲಿ ಊರ ಶಾಲೆಯೋ ಹಾಸ್ಟೆಲ್ಲೋ ಎಂಬ ಪ್ರಶ್ನೆಯನ್ನು ತೀರ್ಮಾನಿಸಬೇಕಾದದ್ದು ಒಂದೇ ಒಂದು ಸಂಗತಿ: ಒಂದರಿಂದ ನಾಲ್ಕನೇ ತರಗತಿಯವರೆಗೆ ಅವಳ ಬೆರಳಿಗೆ ಅಕ್ಷರವನ್ನು ದಿನವೂ ಯಾರು ಮುಟ್ಟಿಸುತ್ತಾರೆ?

ಸರ್ಕಾರಿ ಶಾಲೆಗಳಿಗೆ ಸಮಗ್ರ ಶಿಕ್ಷಣದಡಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರು ಬೇಲೂರಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ ಸಿಗುತ್ತಾರೆ. ಒಳ್ಳೆಯ ಕೆಲಸ ಮಾಡುವವರು ಅವರಲ್ಲಿ ಅನೇಕರು. ಆದರೆ ಒಂದು ತಾಲ್ಲೂಕಿನ ಎಲ್ಲ ಬಗೆಯ ವೈಕಲ್ಯದ ಮಕ್ಕಳನ್ನೂ ನೋಡಿಕೊಳ್ಳಬೇಕಾದ ಅವರು ನಿಮ್ಮ ಮಗಳ ಬಳಿಗೆ ದಿನವೂ ಬರಲಾರರು. ಅವರನ್ನು ಭೇಟಿಯಾಗಿ ನೇರವಾಗಿ ಕೇಳಿ: ತಮಗೆ ಬ್ರೈಲ್ ಓದಲು ಬರೆಯಲು ಬರುತ್ತದೆಯೇ, ವಾರಕ್ಕೆ ಎಷ್ಟು ಸಲ ಬರಬಹುದು, ಊರಿನ ಶಾಲೆಯ ಶಿಕ್ಷಕರೊಬ್ಬರು ಕಲಿಯಲು ಒಪ್ಪಿದ್ದಾರೆಯೇ? ಇವಕ್ಕೆ ಗಟ್ಟಿಯಾದ ಉತ್ತರ ಸಿಕ್ಕಿ, ನೀವೂ ಬ್ರೈಲ್ ಕಲಿತರೆ, ಮಗು ನಿಮ್ಮ ಮಡಿಲಲ್ಲೇ ಇದ್ದು ಊರ ಮಕ್ಕಳ ಜೊತೆ ಓದಲಿ, ಅದಕ್ಕಿಂತ ಒಳ್ಳೆಯದಿಲ್ಲ. ಉತ್ತರ ಸಿಗದಿದ್ದರೆ ಮಾತ್ರ, ಅತ್ತೆಯವರ ನೋವನ್ನು ಪೂರ್ತಿ ಗೌರವಿಸುತ್ತಲೇ ಹೇಳುತ್ತೇನೆ, ಮೊದಲ ಕೆಲವು ವರ್ಷ ವಿಶೇಷ ಶಾಲೆಯೇ ಮೇಲು. ಬ್ರೈಲ್, ಮಣಿ ಸರಿಸಿ ಲೆಕ್ಕ ಮಾಡುವ ಅಬಾಕಸ್, ಕೋಲಿನ ನಡಿಗೆ, ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಇಷ್ಟು ಗಟ್ಟಿಯಾದ ಮೇಲೆ ಆರನೆಯ ತರಗತಿಗೋ ಎಂಟನೆಯದಕ್ಕೋ ಊರ ಕಡೆಯ ಶಾಲೆಗೆ ಕರೆತರಬಹುದು. ಊರ ಶಾಲೆಯ ಹಿಂದಿನ ಬೆಂಚಿನಲ್ಲಿ ಐದು ವರ್ಷ ಸುಮ್ಮನೆ ಕೂತು, ಪಾಸಾಗುತ್ತಾ ಹೋಗಿ, ಒಂದಕ್ಷರವೂ ಬಾರದೆ ಬೆಳೆದ ಮಕ್ಕಳಿಗೆ ಆ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು.

ವಿಶೇಷ ಶಾಲೆಯನ್ನು ನೋಡದೆ ಒಪ್ಪಬೇಡಿ. ಮೈಸೂರು, ಬೆಂಗಳೂರುಗಳಲ್ಲಿ ಸರ್ಕಾರಿ ಮತ್ತು ಸಂಸ್ಥೆಗಳ ಶಾಲೆಗಳಿವೆ. ಯಜಮಾನರು, ಅತ್ತೆಯವರು, ಮಗಳು ಎಲ್ಲರೂ ಒಟ್ಟಿಗೆ ಹೋಗಿ ಒಂದು ದಿನ ಅಲ್ಲಿ ಕಳೆಯಿರಿ. ಪ್ರತಿ ಮಗುವಿಗೂ ಸ್ವಂತ ಸ್ಲೇಟು ಇದೆಯೇ, ಈ ವರ್ಷದ ಬ್ರೈಲ್ ಪಠ್ಯಪುಸ್ತಕ ಮಕ್ಕಳ ಕೈಯಲ್ಲಿದೆಯೇ ಅಥವಾ ಬೀರುವಿನಲ್ಲಿದೆಯೇ ಎಂದು ನೋಡಿ. ಊಟದ ಹೊತ್ತಿಗೆ ಮಕ್ಕಳು ತಾವಾಗಿಯೇ ನಡೆದು ಬಂದು ತಟ್ಟೆ ತೊಳೆದಿಡುತ್ತಾರೋ, ಸಾಲಾಗಿ ಹಿಡಿದು ತಂದು ಕೂರಿಸುತ್ತಾರೋ ಎಂಬುದನ್ನು ಗಮನಿಸಿದರೆ ಆ ಶಾಲೆಯ ಮುಕ್ಕಾಲು ಪಾಲು ನಿಮಗೆ ಅರ್ಥವಾಗುತ್ತದೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ರಾತ್ರಿ ಯಾರಿರುತ್ತಾರೆ, ಮಗು ಬೇಕೆಂದಾಗ ಮನೆಗೆ ಫೋನ್ ಮಾಡಬಹುದೇ, ತಿಂಗಳಿಗೊಮ್ಮೆ ಮನೆಗೆ ಕಳಿಸುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಶಾಲೆ ಬೇಡ. ಎಲ್ಲಿಗೇ ಕಳಿಸುವುದಾದರೂ, ತನ್ನ ಮೈಯನ್ನು ಯಾರು, ಯಾವಾಗ, ಯಾಕೆ ಮುಟ್ಟಬಹುದು, ಬೇಡವಾದರೆ ಹೇಗೆ ಕೂಗಬೇಕು, ಯಾರಿಗೆ ಹೇಳಬೇಕು ಎಂಬುದನ್ನು ಈಗಿನಿಂದಲೇ ಕಲಿಸಿ. ಮಾತಾಡಿಸದೆ, ಹೆಸರು ಹೇಳದೆ ಅವಳನ್ನು ಎತ್ತಿಕೊಳ್ಳುವ ರೂಢಿಯನ್ನು ಮನೆಯವರೂ ಬಿಡಬೇಕು.

ಮುಂದಿನ ಒಂದು ವಿಷಯವನ್ನು ಈಗಲೇ ಕಿವಿಗೆ ಹಾಕಿಡುತ್ತೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿಗಳು ಗಣಿತ, ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದು. ಸದುದ್ದೇಶದ ಅನುಕೂಲವೇ ಅದು. ಆದರೆ ಹೇಗೂ ಬಿಡಬಹುದಲ್ಲ ಎಂದು ಕೆಳಗಿನ ತರಗತಿಯಿಂದಲೇ ಲೆಕ್ಕ ಕಲಿಸುವುದನ್ನು ಕೈಬಿಡುವ ಕಡೆ ಮಗುವಿಗೆ ಬಹಳ ಬಾಗಿಲುಗಳು ಮುಚ್ಚುತ್ತವೆ. ಅಬಾಕಸ್ ಮತ್ತು ಗುಳಿಗಳಲ್ಲಿ ಮೊಳೆ ಕೂರಿಸಿ ಲೆಕ್ಕ ಮಾಡುವ ಟೇಲರ್ ಫ್ರೇಮಿನಲ್ಲಿ ಲೆಕ್ಕ ಚೆನ್ನಾಗಿ ಬರುತ್ತದೆ. ಕಂಪ್ಯೂಟರಿಗೆ ಬಂದಾಗ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಆಂಡ್ರಾಯ್ಡ್ ಫೋನಿನಲ್ಲಿ ಹಾಗೆಯೇ ಓದಿ ಹೇಳುವ ಟಾಕ್‌ಬ್ಯಾಕ್ ಇದ್ದೇ ಇರುತ್ತದೆ, ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ಶಿಕ್ಷಕರಿಗೆ ಒಂದು ಮನವಿ ಮಾತ್ರ ಬೇಕು: ನೋಟ್ಸ್ ಯೂನಿಕೋಡ್ ಎಂಬ, ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತದಲ್ಲಿರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಈ ತಂತ್ರಾಂಶಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತವೆ. ಕುಣಿಗಲ್ ತಾಲ್ಲೂಕಿನ ಕೆಂಪಹೊನ್ನಯ್ಯನವರು ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡೂ 2016ರ ಯುಪಿಎಸ್‌ಸಿ ಪರೀಕ್ಷೆ ಗೆದ್ದು ಐಎಎಸ್ ಸೇರಿದರು. ನಿಮ್ಮ ಮಗಳು ಏನಾಗುತ್ತಾಳೋ ಅವಳಿಗೆ ಬಿಡೋಣ, ಆಯ್ಕೆಗಳು ಅವಳ ಮುಂದೆ ತೆರೆದಿರಲಿ.

ಕಾಗದಪತ್ರದ ಕೆಲಸ ಹೆಚ್ಚಿಲ್ಲ, ಆದರೆ ಮುಂದೂಡಬೇಡಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಆಗಿಲ್ಲದಿದ್ದರೆ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿಸಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಕೆಲಸವೇ ಇದು. ಬೆಳಕು ಮಾತ್ರ ಕಾಣುವ ಮಗು ಶೇ 40ರ ಮಿತಿಯನ್ನು ಪ್ರಶ್ನೆಯೇ ಇಲ್ಲದೆ ದಾಟುತ್ತದೆ. ಆ ಕಾರ್ಡಿನ ಆಧಾರದ ಮೇಲೆಯೇ ಮಾಸಾಶನ, ವಿದ್ಯಾರ್ಥಿವೇತನ, ಉಚಿತ ಸಾಧನಗಳೆಲ್ಲ ಬರುವುದು. ಮೇ ತಿಂಗಳ ಒಳಗೆ ಬಿಆರ್‌ಸಿಗೆ ಹೋಗಿ ಮಗಳ ಹೆಸರು ಬರೆಸಿದರೆ ಜೂನಿನಲ್ಲಿ ಓಡಾಟ ತಪ್ಪುತ್ತದೆ. ಅಲ್ಲಿಯವರೆಗೆ ಅಂಗನವಾಡಿಗೆ ಕಳಿಸುತ್ತಿರಿ, ಬಿಡಿಸಬೇಡಿ. ಬೇರೆ ಮಕ್ಕಳ ಗದ್ದಲದಲ್ಲಿ ತನ್ನ ಸರದಿ ಕಾಯುವುದನ್ನು ಮನೆಯಲ್ಲಿ ಕಲಿಸಲಾಗದು.

ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ಕೇಳಿದ್ದೀರಿ. ಮೊದಲ ಮಗಳಿಗೆ ಆದದ್ದು ವಂಶದಿಂದ ಬರುವ ಕುರುಡಲ್ಲ, ನಿಮ್ಮ ತಪ್ಪಿನಿಂದ ಆದದ್ದೂ ಅಲ್ಲ. ಅವಧಿಗೆ ಬಹಳ ಮುಂಚೆ ಹುಟ್ಟಿದ ಕೂಸಿನ ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ಇನ್ನೂ ಬೆಳೆದು ಮುಗಿದಿರುವುದಿಲ್ಲ. ಹುಟ್ಟಿದ ನಂತರ ಅವು ಅಡ್ಡಾದಿಡ್ಡಿಯಾಗಿ ಬೆಳೆದು ಪರದೆಯನ್ನು ಎಳೆದಾಗ ಹೀಗಾಗುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಈ ಭಯವಿಲ್ಲ. ಒಮ್ಮೆ ಮುಂಚಿತವಾಗಿ ಹೆರಿಗೆಯಾಗಿರುವುದನ್ನು ಈಗ ನೋಡುತ್ತಿರುವ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ತಿಳಿಸಿ, ಹೆರಿಗೆಯನ್ನು ನವಜಾತ ಶಿಶುಗಳ ಘಟಕವಿರುವ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಿ. ಒಂದು ವೇಳೆ ಈ ಮಗುವೂ 34 ವಾರಕ್ಕೆ ಮೊದಲೇ ಹುಟ್ಟಿದರೆ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕವಿದ್ದರೆ, 30 ದಿನ ತುಂಬುವುದರೊಳಗೆ ಅದರ ಕಣ್ಣಿನ ಪರದೆಯ ಪರೀಕ್ಷೆ ಆಗಲೇಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ್ದರೆ ಅಥವಾ 1,200 ಗ್ರಾಂಗಿಂತ ಕಡಿಮೆಯಿದ್ದರೆ ಎರಡು ಮೂರು ವಾರದೊಳಗೇ ಆಗಬೇಕು. ಹೊತ್ತಿಗೆ ಸರಿಯಾಗಿ ಪತ್ತೆಯಾದರೆ ಲೇಸರಿನಿಂದಲೋ ಇಂಜೆಕ್ಷನ್ನಿನಿಂದಲೋ ಬಹುಪಾಲು ಮಕ್ಕಳ ದೃಷ್ಟಿ ಉಳಿಯುತ್ತದೆ. ಕೂಸು ಹಾಲು ಕುಡಿಯುತ್ತಿದೆ, ತೂಕ ಏರುತ್ತಿದೆ ಎಂದು ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕಣ್ಣಿನ ಪರೀಕ್ಷೆ ಆಯಿತೇ, ಮುಂದಿನದು ಯಾವ ತಾರೀಖು ಎಂದು ಕೇಳಿ, ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಂಡೇ ಹೊರಡಿ.